ಅಡಿಕೆ ಮರದ ಬುಡಕ್ಕೆ ಬಂದ ಕಲ್ಲು

ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಶಿರಸಿ ಸೀಮೆಯ ತೋಟಗಳಲ್ಲಿ ಗೊಬ್ಬರದ ಕೆಲಸ ಶುರುವಾಗುತ್ತದೆ. ಅಡಿಕೆ ಮರದ ಬುಡ ಬಿಡಿಸಿ, ಬುಟ್ಟಿಯಲ್ಲಿ ಹೊತ್ತು ತಂದ ಕೊಟ್ಟಿಗೆ ಗೊಬ್ಬರ ಸುರಿದು, ಮೇಲೊಂದು ಹಿಡಿ ಬೂದುಗಂದು ಬಣ್ಣದ ಪುಡಿ ಉದುರಿಸಿ ಸೊಪ್ಪು ಮುಚ್ಚುತ್ತೇವೆ. ಆ ಪುಡಿಯನ್ನು ಕೃಷಿ ಪುಸ್ತಕಗಳು ಶಿಲಾರಂಜಕ ಎನ್ನುತ್ತವೆ. ಸೊಸೈಟಿಯ ಬಿಲ್ಲಿನಲ್ಲಿ ರಾಕ್ ಫಾಸ್ಫೇಟ್ ಎಂದಿರುತ್ತದೆ. ನಮ್ಮ ಮನೆಯ ಹಿರಿಯರು ಮಾತ್ರ ಕಡೆಯವರೆಗೂ ಅದನ್ನು ‘ಮಸ್ಸೂರಿ’ ಎಂದೇ ಕರೆದರು. ಒಂದು ಕಾಲದಲ್ಲಿ ದಕ್ಷಿಣದ ತೋಟಗಳಿಗೆಲ್ಲ ಬರುತ್ತಿದ್ದದ್ದು ಮಸ್ಸೂರಿ ಫಾಸ್. ಡೆಹ್ರಾಡೂನಿನ ಬಳಿಯ ಮಾಲ್‌ದೇವತಾ ಎಂಬಲ್ಲಿ ಬೆಟ್ಟದ ಒಡಲಿನಿಂದ ತೆಗೆದ ಕಲ್ಲಿನ ಪುಡಿ ಅದು. ಹಿಮಾಲಯದ ತಪ್ಪಲಿನ ಊರಿನ ಹೆಸರು ಸಹ್ಯಾದ್ರಿಯ ತೋಟದಲ್ಲಿ ಗೊಬ್ಬರದ ಹೆಸರಾಗಿ ನಿಂತುಬಿಟ್ಟಿತ್ತು. ವರ್ಷ ವರ್ಷವೂ ಆ ಹೆಸರನ್ನು ಆಡಿದ ನಾವು, ಅಲ್ಲಿ ಗುಡ್ಡ ಏನಾಯಿತು, ನೀರಿನ ಒರತೆ ಏನಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ.

ಕೇಳಬೇಕಾದವರು ನಾವೇ. ಬೇಡ್ತಿ, ಅಘನಾಶಿನಿ, ಕಾಳಿ ಕೊಳ್ಳಗಳ ಜನ ಎಷ್ಟೋ ಯೋಜನೆಗಳನ್ನು ಕಳೆದುಕೊಳ್ಳುವವರ ತುದಿಯಲ್ಲಿ ನಿಂತು ಕಂಡವರು. ಬೇರೆಲ್ಲೋ ಬೆಳಕು ಬೇಕು, ನೀರು ಬೇಕು, ಅದಿರು ಸಾಗಬೇಕು ಎಂದಾಗ ನಮ್ಮ ಕಾಡು, ನಮ್ಮ ತೋಟ, ನಮ್ಮ ಅಳಿವೆ ಲೆಕ್ಕದ ಪುಸ್ತಕಕ್ಕೆ ಬಂದವು. ಶಿಲಾರಂಜಕದ ವಿಷಯದಲ್ಲಿ ಮಾತ್ರ ನಾವು ಇನ್ನೊಂದು ತುದಿಯಲ್ಲಿದ್ದೇವೆ. ಪಡೆಯುವವರು ನಾವು, ಕೊಡುವವರು ಇನ್ನಾರೋ. ಫಾಸ್ಫೇಟ್ ಗಣಿಗಾರಿಕೆಯ ಸುತ್ತ ಹಳ್ಳಿಗಳಲ್ಲಿ ಏಕೆ ಜಗಳ ಏಳುತ್ತದೆ ಎಂಬುದು ಅರ್ಥವಾಗಬೇಕಾದರೆ ಎರಡೂ ತುದಿಗಳನ್ನು ಒಟ್ಟಿಗೆ ನೋಡಬೇಕು.

ಗಾಳಿಯಲ್ಲಿ ಇಲ್ಲದ ವಸ್ತು

ಗಿಡಕ್ಕೆ ಮುಖ್ಯವಾಗಿ ಬೇಕಾದ ಮೂರು ಪೋಷಕಾಂಶಗಳನ್ನು ರೈತರೆಲ್ಲ ಬಲ್ಲರು: ಸಾರಜನಕ, ರಂಜಕ (ಫಾಸ್ಫರಸ್), ಪೊಟ್ಯಾಷ್. ಇವುಗಳಲ್ಲಿ ಸಾರಜನಕದ ಕಥೆ ಬೇರೆ. ನಾವು ಉಸಿರಾಡುವ ಗಾಳಿಯ ನೂರರಲ್ಲಿ 78 ಪಾಲು ಅದೇ. ಸೆಣಬು, ಅಲಸಂದೆ, ಗ್ಲಿರಿಸಿಡಿಯಾದಂಥ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮಣ್ಣಿಗೆ ಇಳಿಸುತ್ತವೆ, ಗುಡುಗು ಮಿಂಚಿನ ಮಳೆಯೂ ಅಷ್ಟಿಷ್ಟು ತರುತ್ತದೆ, ಕಾರ್ಖಾನೆಯಲ್ಲಿ ಅದನ್ನೇ ಯೂರಿಯಾ ಮಾಡುತ್ತಾರೆ. ಗಾಳಿ ಇರುವವರೆಗೆ ಸಾರಜನಕಕ್ಕೆ ಬರವಿಲ್ಲ.

ರಂಜಕಕ್ಕೆ ಅಂಥ ಆಕಾಶವಿಲ್ಲ. ಅದು ಕಲ್ಲಿನಲ್ಲಿದೆ, ಮಣ್ಣಿನಲ್ಲಿದೆ, ಜೀವಿಗಳ ಮೈಯಲ್ಲಿದೆ. ಮೂಳೆಯ ಗಟ್ಟಿತನ ಅದರಿಂದ, ಜೀವಕೋಶದೊಳಗೆ ಶಕ್ತಿ ಕೈಯಿಂದ ಕೈಗೆ ಸಾಗುವುದು ಅದರಿಂದ, ವಂಶದ ಗುಣ ಹೊತ್ತ ಡಿಎನ್‌ಎ ಎಳೆಯ ಬೆನ್ನೆಲುಬೂ ಅದರದೇ. ಅದರ ಬದಲಿಗೆ ನಿಲ್ಲಬಲ್ಲ ಇನ್ನೊಂದು ಧಾತು ಇಲ್ಲ. ಕಲ್ಲು ಮಳೆಗೆ ಸವೆದು ಮಣ್ಣಾಗಿ, ಮಣ್ಣು ಹೊಳೆಯಲ್ಲಿ ಹರಿದು ಕಡಲು ಸೇರಿ, ಕಡಲ ತಳದ ಕೆಸರು ಮತ್ತೆ ಕಲ್ಲಾಗಿ ಮೇಲೇಳಲು ಕೋಟಿಗಟ್ಟಲೆ ವರ್ಷ ಬೇಕು. ಹಾಗಾಗಿ ಮನುಷ್ಯರ ಲೆಕ್ಕದಲ್ಲಿ ರಂಜಕ ಒಮ್ಮೆ ಕಡಲು ಸೇರಿದರೆ ಹೋದಂತೆಯೇ.

ಹಳೆಯ ಬೇಸಾಯ ಇದಕ್ಕೆ ಕಂಡುಕೊಂಡ ಉಪಾಯ ಸರಳ: ಬೆಳೆದಲ್ಲಿಯೇ ಉಂಡು, ಉಂಡಲ್ಲಿಯೇ ಮಣ್ಣಿಗೆ ಮರಳಿಸುವುದು. ಊರು ಬೆಳೆದು, ಧಾನ್ಯ ದೂರದ ಪೇಟೆಗೆ ಹೋಗತೊಡಗಿದಾಗ ಆ ಸುತ್ತು ಮುರಿಯಿತು. ಇಂಗ್ಲೆಂಡಿನಲ್ಲಿ ಮೂಳೆ ಪುಡಿ ಮಾಡಿ ಹೊಲಕ್ಕೆ ಹಾಕಿದರು. 1842ರಲ್ಲಿ ಜಾನ್ ಬೆನೆಟ್ ಲಾಸ್ ಎಂಬಾತ ಫಾಸ್ಫೇಟ್ ಕಲ್ಲಿಗೆ ಗಂಧಕಾಮ್ಲ ಸುರಿದು ಸೂಪರ್ ಫಾಸ್ಫೇಟ್ ಮಾಡುವ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಜಗತ್ತು ಕಲ್ಲು ಹುಡುಕಿಕೊಂಡು ಹೊರಟಿತು.

ಹುಡುಕಿದಾಗ ಸಿಕ್ಕಿದ್ದು ಎಲ್ಲೆಡೆಯಲ್ಲ. ಈಗ ಗೊತ್ತಿರುವ ನಿಕ್ಷೇಪದಲ್ಲಿ ನೂರಕ್ಕೆ ಸುಮಾರು 70 ಪಾಲು ಮೊರಾಕ್ಕೊ ಮತ್ತು ಪಶ್ಚಿಮ ಸಹಾರಾದಲ್ಲಿದೆ. ಪಶ್ಚಿಮ ಸಹಾರಾ ಯಾರದು ಎಂಬ ವಿವಾದವೇ ಇನ್ನೂ ಬಗೆಹರಿದಿಲ್ಲ. ಭಾರತಕ್ಕೆ ಬೇಕಾದ ಬಹುಪಾಲು ಕಲ್ಲು, ಫಾಸ್ಫಾರಿಕ್ ಆಮ್ಲ, ಅದರಿಂದ ಮಾಡುವ ಡಿಎಪಿ ಗೊಬ್ಬರ ಹೊರಗಿನಿಂದಲೇ ಬರಬೇಕು. ನಮ್ಮದೇ ನೆಲದ ದೊಡ್ಡ ಗಣಿ ಎಂದರೆ ಉದಯಪುರದ ಬಳಿಯ ಝಾಮರ್‌ಕೋಟ್ರಾ. 1968ರಲ್ಲಿ ಪತ್ತೆಯಾದ ಈ ನಿಕ್ಷೇಪವನ್ನು ರಾಜಸ್ಥಾನ ಸರ್ಕಾರದ ಗಣಿ ಕಂಪನಿ ತೆಗೆಯುತ್ತಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ರಾಜ್‌ಫಾಸ್ ಅಲ್ಲಿಯದು. ಆ ಕಲ್ಲಿನ ಹುಟ್ಟು ಕೇಳಿದರೆ ಮೈ ನವಿರೇಳುತ್ತದೆ. ಗಿಡಮರಗಳಾಗಲಿ ಪ್ರಾಣಿಗಳಾಗಲಿ ಹುಟ್ಟುವುದಕ್ಕೆ ಎಷ್ಟೋ ಮೊದಲು, ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ಎಂಬ ರಚನೆಗಳೇ ಆ ಅದಿರು. ಅದರ ಒಂದು ಭಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಉಳಿಸಿದ್ದಾರೆ. ಉಳಿದದ್ದು ಪುಡಿಯಾಗಿ ಹೊಲ ತೋಟ ಸೇರುತ್ತಿದೆ.

ಗಣಿ ಬಂದ ಊರಿನಲ್ಲಿ ಏನಾಗುತ್ತದೆ

ಫಾಸ್ಫೇಟ್ ಕಲ್ಲು ಹೆಚ್ಚಾಗಿ ನೆಲದ ಮೇಲ್ಪದರದ ಸಮೀಪದಲ್ಲಿಯೇ ಇರುತ್ತದೆ. ಆದ್ದರಿಂದ ಸುರಂಗಕ್ಕಿಂತ ತೆರೆದ ಗಣಿಯೇ ಅಗ್ಗ. ಮೊದಲು ಮೇಲ್ಮಣ್ಣು ಹೋಗುತ್ತದೆ, ಅದರೊಂದಿಗೆ ಹೊಲ. ಆಮೇಲೆ ಅದಿರಿಲ್ಲದ ಕಲ್ಲನ್ನು ತೆಗೆದು ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ. ಹೊಂಡ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದರೆ ನೀರನ್ನು ಹಗಲಿರುಳು ಪಂಪ್ ಮಾಡಿ ಹೊರಹಾಕಬೇಕು. ಸುತ್ತಲಿನ ಬಾವಿಗಳು ಬತ್ತುವುದು ಹೀಗೆ. ಬಾವಿಯೊಳಗೆ ಯಾರೂ ಕೈ ಹಾಕಿರುವುದಿಲ್ಲ, ಬಾವಿಗೆ ಬರುವ ಒಸರು ದಿಕ್ಕು ಬದಲಿಸಿರುತ್ತದೆ. ಹಳ್ಳಿಯವರು ಬಾವಿ ಬತ್ತಿತು ಎಂದಾಗ, ಮಳೆ ಕಡಿಮೆಯಾಯಿತು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ.

ಅದಿರಿನ ಜೊತೆಗೆ ಬೇರೆ ವಸ್ತುಗಳೂ ಬರುತ್ತವೆ. ಫ್ಲೋರೈಡ್ ಇರುತ್ತದೆ, ಕೆಲವು ಕಡೆ ಕ್ಯಾಡ್ಮಿಯಂ, ಯುರೇನಿಯಂನ ಅಂಶಗಳೂ ಇರುತ್ತವೆ. ಕಲ್ಲನ್ನು ಬರಿದೇ ಪುಡಿ ಮಾಡಿ ಮಾರಿದರೆ ತ್ಯಾಜ್ಯ ಕಡಿಮೆ. ಆದರೆ ಡಿಎಪಿ ಮಾಡಲು ಅದನ್ನು ಗಂಧಕಾಮ್ಲದಲ್ಲಿ ಕರಗಿಸಬೇಕು. ಆಗ ಸಿಗುವ ಫಾಸ್ಫಾರಿಕ್ ಆಮ್ಲದ ಒಂದು ಟನ್ನಿಗೆ ಸುಮಾರು 5 ಟನ್ ಫಾಸ್ಫೋಜಿಪ್ಸಂ ಎಂಬ ಉಳಿಕೆ ಬರುತ್ತದೆ. ಆಮ್ಲದ ಪಸೆ ಉಳಿದ, ಸಣ್ಣ ಪ್ರಮಾಣದಲ್ಲಿ ವಿಕಿರಣ ಸೂಸುವ ಈ ಬಿಳಿ ಗುಡ್ಡಗಳನ್ನು ಎಲ್ಲಿಡಬೇಕೆಂಬುದು ಗೊಬ್ಬರ ಕಾರ್ಖಾನೆಯಿರುವ ದೇಶಗಳಿಗೆಲ್ಲ ತಲೆನೋವು. ರೈತ ನೋಡುವ ಹರಳು ಹರಳಾದ, ಚೊಕ್ಕ ಡಿಎಪಿ ಚೀಲದ ಹಿಂದೆ ಅಂಥದೊಂದು ಗುಡ್ಡ ಇದ್ದೇ ಇರುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನೌರು ದ್ವೀಪ ಸಾಕ್ಷಿ. ಪೆಸಿಫಿಕ್ ಸಾಗರದ 21 ಚದರ ಕಿಲೋಮೀಟರಿನ ಈ ದ್ವೀಪದಲ್ಲಿ 1906ರ ಹೊತ್ತಿಗೆ ಗಣಿಗಾರಿಕೆ ಮೊದಲಾಯಿತು. ಒಳನಾಡಿನ ಬಹುಭಾಗ, ಅಂದರೆ ದ್ವೀಪದ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲ, ಮಣ್ಣಿಲ್ಲದ ಸುಣ್ಣಕಲ್ಲಿನ ಮೊನೆಗಳಾಗಿ ಉಳಿಯಿತು. ಆ ಪುಟ್ಟ ದೇಶ 1989ರಲ್ಲಿ ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ಪರಿಹಾರದ ರಾಜಿಯಾಯಿತು. ಹೋದ ಮಣ್ಣು ರಾಜಿಯಿಂದ ಮರಳಲಿಲ್ಲ.

ಎಪ್ಪಾವಲದ ರೈತರು ಕೇಳಿದ್ದು

ನೌರು ಬಹಳ ದೂರದ ಮಾತು. ನಮಗೆ ಹತ್ತಿರದ, ನಮ್ಮ ಬದುಕಿಗೆ ಹೋಲುವ ಊರು ಶ್ರೀಲಂಕಾದ ಅನುರಾಧಪುರ ಜಿಲ್ಲೆಯಲ್ಲಿದೆ. ಹೆಸರು ಎಪ್ಪಾವಲ. ಈ ಊರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಫಾಸ್ಫೇಟ್ ಜಗಳದ ಎಲ್ಲ ಎಳೆಗಳೂ ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

1971ರಲ್ಲಿ ಅಲ್ಲಿ ಅಪಟೈಟ್ ಎಂಬ ಫಾಸ್ಫೇಟ್ ಖನಿಜದ ದೊಡ್ಡ ನಿಕ್ಷೇಪ ಸಿಕ್ಕಿತು. ಒಟ್ಟು ಸುಮಾರು 6 ಕೋಟಿ ಟನ್ ಎಂದು ಅಂದಾಜು, ಅದರಲ್ಲಿ ಖಚಿತವಾಗಿ ಗೊತ್ತಿದ್ದದ್ದು 2.5 ಕೋಟಿ ಟನ್. ಸರ್ಕಾರಿ ಕಂಪನಿಯೊಂದು ಸಣ್ಣ ಪ್ರಮಾಣದಲ್ಲಿ ಕಲ್ಲು ತೆಗೆದು ಪುಡಿ ಮಾಡಿ ಚಹಾ, ರಬ್ಬರ್, ತೆಂಗಿನ ತೋಟಗಳಿಗೆ ಕೊಡುತ್ತಿತ್ತು. ವರ್ಷಕ್ಕೆ ಸುಮಾರು 40,000 ಟನ್. ಆ ವೇಗದಲ್ಲಿ ತೆಗೆದರೆ ಅಂದಾಜಿನ ನಿಕ್ಷೇಪ ಸಾವಿರದ ಐನೂರು ವರ್ಷ ಬರುತ್ತದೆ. ಊರಿಗೆ ಅದರಿಂದ ದೊಡ್ಡ ತೊಂದರೆಯಾಗಿರಲಿಲ್ಲ.

ತೊಂಬತ್ತರ ದಶಕದಲ್ಲಿ ಸರ್ಕಾರ ಅಮೆರಿಕದ ಫ್ರೀಪೋರ್ಟ್ ಮೆಕ್‌ಮೊರಾನ್ ಕಂಪನಿಯೊಂದಿಗೆ ಮಾತುಕತೆಗೆ ಇಳಿಯಿತು. 56 ಚದರ ಕಿಲೋಮೀಟರ್ ಪ್ರದೇಶದಲ್ಲಿ ಶೋಧ, 30 ವರ್ಷಗಳ ಗಣಿಗಾರಿಕೆ, ತ್ರಿಕೋನಮಲೆಯಲ್ಲಿ ಗೊಬ್ಬರದ ಕಾರ್ಖಾನೆ, ಅಲ್ಲಿಂದ ರಫ್ತು, ಇದು ಯೋಜನೆ. ಖಚಿತವಾಗಿ ಗೊತ್ತಿದ್ದ ನಿಕ್ಷೇಪ ಈ ವೇಗದಲ್ಲಿ ಒಂದೇ ತಲೆಮಾರಿನಲ್ಲಿ ಮುಗಿದುಹೋಗುತ್ತದೆ ಎಂದು ವಿರೋಧಿಸಿದವರು ಲೆಕ್ಕ ಕೊಟ್ಟರು. 2,600 ಕುಟುಂಬಗಳು, ಸುಮಾರು 12,000 ಜನ ಮನೆಮಠ ಬಿಡಬೇಕಾಗುತ್ತದೆ ಎಂಬುದು ಅವರ ಇನ್ನೊಂದು ಲೆಕ್ಕ.

ಆ ಪ್ರದೇಶದಲ್ಲಿ ಇನ್ನೊಂದು ಆಸ್ತಿ ಇತ್ತು. ಕಲಾವೆವ ಎಂಬ ಕೆರೆಯಿಂದ ಅನುರಾಧಪುರದ ತಿಸ್ಸಾವೆವ ಕೆರೆಗೆ ನೀರೊಯ್ಯುವ ಜಯಗಂಗಾ ಕಾಲುವೆ. ಐದನೆಯ ಶತಮಾನದಲ್ಲಿ ಧಾತುಸೇನ ಅರಸನ ಕಾಲದಲ್ಲಿ ಕಟ್ಟಿದ್ದು, ಉದ್ದ ಸುಮಾರು 87 ಕಿಲೋಮೀಟರ್. ಮೊದಲ 17 ಮೈಲಿಗಳಲ್ಲಿ ಅದರ ಇಳಿಜಾರು ಮೈಲಿಗೆ ಆರೇ ಅಂಗುಲ. ತೋಟಕ್ಕೆ ಕಾಲುವೆ ತೆಗೆದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಒಂದು ಮೈಲಿ ಉದ್ದಕ್ಕೆ ಆರು ಅಂಗುಲ ಮಾತ್ರ ಇಳಿಸಿ, ನೀರು ನಿಲ್ಲದಂತೆ, ಮಣ್ಣು ಕೊಚ್ಚದಂತೆ ಸಾವಿರದ ಐನೂರು ವರ್ಷ ಹರಿಸುವುದು ಸಣ್ಣ ವಿದ್ಯೆಯಲ್ಲ. ದಾರಿಯುದ್ದಕ್ಕೂ ಅದು ಹಳ್ಳಿಗಳ ಕೆರೆಗಳಿಗೆ ನೀರುಣಿಸುತ್ತದೆ. ಇಂಥ ಕಾಲುವೆಯ ಪಕ್ಕದಲ್ಲಿ ಹೊಂಡ ತೋಡಿ ಅಂತರ್ಜಲ ಎತ್ತಿದರೆ ಹಾನಿ ಹೊಂಡದಲ್ಲಿಯೇ ನಿಲ್ಲುವುದಿಲ್ಲ. ಕೆರೆಯಿಂದ ಕೆರೆಗೆ ಹಬ್ಬುತ್ತದೆ.

ಊರಿನವರು ಸಂಘಟಿತರಾದರು. ಗಲ್ಕಂಡ ಪುರಾಣ ವಿಹಾರದ ಭಿಕ್ಷುಗಳು ಮುಂದೆ ನಿಂತರು. ಬೇಡ್ತಿ, ಅಘನಾಶಿನಿ ಕೊಳ್ಳಗಳ ಹೋರಾಟದಲ್ಲಿ ಸ್ವರ್ಣವಲ್ಲಿ ಮಠದ ಸ್ವಾಮಿಗಳು ನಿಂತದ್ದನ್ನು ಕಂಡ ನಮಗೆ ಇದು ವಿಚಿತ್ರವೆನಿಸದು. ನೆಲ ಹೋದರೆ ಭಕ್ತರು ಹೋಗುತ್ತಾರೆ, ಭಕ್ತರು ಹೋದರೆ ಗುಡಿಯ ದೀಪಕ್ಕೆ ಎಣ್ಣೆ ಹಾಕುವವರಿರುವುದಿಲ್ಲ. ಭತ್ತ ಬೆಳೆಯುವವರು, ಹೈನು ಮಾಡುವವರು, ತೆಂಗಿನ ತೋಟದವರು, ಒಬ್ಬ ಭಿಕ್ಷು, ಹೀಗೆ ಏಳು ಮಂದಿ ಸುಪ್ರೀಂ ಕೋರ್ಟಿಗೆ ಹೋದರು.

2000ದ ಜೂನ್ 2ರಂದು ನ್ಯಾಯಮೂರ್ತಿ ಎ.ಆರ್.ಬಿ. ಅಮರಸಿಂಘೆ ಬರೆದ ತೀರ್ಪು ಬಂತು. ಅದನ್ನು ಗಣಿಯನ್ನು ನಿಲ್ಲಿಸಿದ ತೀರ್ಪು ಎಂದಷ್ಟೇ ನೆನಪಿಟ್ಟರೆ ತಿರುಳು ಕೈಬಿಟ್ಟಂತೆ. ನ್ಯಾಯಾಲಯ ಕಲ್ಲು ತೆಗೆಯಲೇಬಾರದು ಎನ್ನಲಿಲ್ಲ. ಮೊದಲು ನಿಕ್ಷೇಪ ಎಷ್ಟಿದೆ, ಹೇಗಿದೆ ಎಂದು ಸಮಗ್ರವಾಗಿ ಅಧ್ಯಯನ ಮಾಡಿ, ದೇಶದ ವಿಜ್ಞಾನಿಗಳ ಸಂಸ್ಥೆಗಳ ಜೊತೆ ಸಮಾಲೋಚಿಸಿ ಫಲಿತಾಂಶ ಪ್ರಕಟಿಸಿ ಎಂದಿತು. ಆಮೇಲೆ ದೇಶದ ಪರಿಸರ ಕಾಯ್ದೆ ಹೇಳಿದಂತೆ ಪರಿಸರ ಪರಿಣಾಮದ ವರದಿ ಮಾಡಿಸಿ, ಜನರ ಮುಂದಿಟ್ಟು ಒಪ್ಪಿಗೆ ಪಡೆಯಿರಿ, ಅಲ್ಲಿಯವರೆಗೆ ಒಪ್ಪಂದ ಮಾಡಿಕೊಳ್ಳಬೇಡಿ ಎಂದಿತು. ಯೋಜನೆಯ ಕರಡು ಒಪ್ಪಂದ ಕಾಯ್ದೆಯ ಆ ದಾರಿಯನ್ನು ಬಿಟ್ಟು ತನ್ನದೇ ಬೇರೆ ದಾರಿ ಮಾಡಿಕೊಂಡಿತ್ತು. ಅರ್ಜಿದಾರರ ಸಮಾನತೆಯ ಹಕ್ಕು, ಕಸುಬಿನ ಹಕ್ಕು, ಇಷ್ಟವಾದಲ್ಲಿ ನೆಲೆಸುವ ಹಕ್ಕುಗಳಿಗೆ ಅಪಾಯ ಎದುರಾಗಿದೆ ಎಂದು ನ್ಯಾಯಾಲಯ ಒಪ್ಪಿತು. ನೆಲದ ಸಂಪತ್ತಿಗೆ ಸರ್ಕಾರ ಧರ್ಮದರ್ಶಿ ಎಂಬ ಮಾತು ಬಂದಾಗ, ಆ ಹೊಣೆಯಲ್ಲಿ ನ್ಯಾಯಾಂಗಕ್ಕೂ ಪಾಲಿದೆ ಎಂದು ತೀರ್ಪು ಹೇಳಿತು. ಅರಸ ನೆಲದ ಒಡೆಯನಲ್ಲ, ಕಾವಲುಗಾರ ಎಂಬ ಹಳೆಯ ಬೌದ್ಧ ಬೋಧೆಯನ್ನೂ ಅದು ನೆನಪಿಸಿತು.

ಆ ದೊಡ್ಡ ಯೋಜನೆ ಮುಂದುವರಿಯಲಿಲ್ಲ. ಸರ್ಕಾರಿ ಕಂಪನಿಯ ಸಣ್ಣ ಗಣಿ ಮಾತ್ರ ನಡೆದುಕೊಂಡು ಬಂತು.

ಜಗಳ ಯಾವುದರ ಬಗ್ಗೆ?

ಗಣಿ ಬೇಕೋ ಬೇಡವೋ ಎಂದು ಕೇಳಿದರೆ ಊರು ತಟ್ಟನೆ ಎರಡಾಗುತ್ತದೆ. ದುಡಿಮೆಯಿಲ್ಲದ ಹುಡುಗನಿಗೆ ಟಿಪ್ಪರ್ ಓಡಿಸುವ ಕೆಲಸವಾದರೂ ಸಿಕ್ಕೀತೆಂಬ ಆಸೆ. ರಸ್ತೆ ಬದಿಯಲ್ಲಿ ಜಾಗ ಇರುವವನಿಗೆ ಹೋಟೆಲಿನ ಯೋಚನೆ. ಗದ್ದೆ ಹೋಗುವವನಿಗೆ ನಿದ್ದೆಯಿಲ್ಲ. ಇವರಲ್ಲಿ ಯಾರೂ ಕೆಟ್ಟವರಲ್ಲ, ಯಾರ ಮಾತೂ ಸುಳ್ಳಲ್ಲ. ಆದರೆ ಎಪ್ಪಾವಲದವರು ಎತ್ತಿದ ಪ್ರಶ್ನೆಗಳು ಬೇರೆ: ಎಷ್ಟು ವೇಗವಾಗಿ ತೆಗೆಯುತ್ತೀರಿ? ಯಾರ ಹೊಲಕ್ಕೆ? ಮುಂದಿನ ತಲೆಮಾರಿಗೆ ಎಷ್ಟು ಉಳಿಸುತ್ತೀರಿ? ನಮಗೆ ಗೊತ್ತಾಗುವುದು ಸಹಿ ಬೀಳುವ ಮೊದಲೋ ಆಮೇಲೋ? ರಂಜಕದಂಥ ಬದಲಿಯಿಲ್ಲದ ವಸ್ತುವಿನ ವಿಷಯದಲ್ಲಿ ನನಗೆ ಇವೇ ಸರಿಯಾದ ಪ್ರಶ್ನೆಗಳೆನಿಸುತ್ತವೆ. ಫಾಸ್ಫೇಟ್ ಗಣಿಗಳೆಲ್ಲ ಮುಚ್ಚಲಿ ಎಂದು ನಾನು ಬರೆಯಲಾರೆ. ಜಗತ್ತಿನ ಅನ್ನದ ದೊಡ್ಡ ಪಾಲು ಇಂದು ಆ ಕಲ್ಲಿನ ಮೇಲೆ ನಿಂತಿದೆ, ನಮ್ಮ ತೋಟವೂ ನಿಂತಿದೆ.

ಇನ್ನೊಂದು ತೊಡಕು ಲೆಕ್ಕದ್ದು. ಪರಿಹಾರ ಕೊಡುವವರು ಪಹಣಿ ನೋಡುತ್ತಾರೆ. ಪಹಣಿಯಲ್ಲಿ ಹೊಲದ ಗುಂಟೆ ಇರುತ್ತದೆ, ಒರತೆ ಇರುವುದಿಲ್ಲ. ನಮ್ಮಲ್ಲಿಯೇ ನೋಡಿ. ಬ್ರಿಟಿಷರ ಕಾಲದಿಂದ ಈ ಜಿಲ್ಲೆಯ ತೋಟಿಗರಿಗೆ ಎಕರೆ ತೋಟಕ್ಕೆ ಸುಮಾರು ಒಂಬತ್ತು ಎಕರೆಯಂತೆ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತಿದೆ. ಅದು ಸವಲತ್ತು ಮಾತ್ರ, ಒಡೆತನವಲ್ಲ. ಆ ಬೆಟ್ಟ ಇಲ್ಲದೆ ತೋಟ ಉಳಿಯುವುದಿಲ್ಲವೆಂದು ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಯಾವುದೇ ಯೋಜನೆಗೆ ಬೆಟ್ಟ ಹೋದರೆ ಅದು ಅರಣ್ಯ ಇಲಾಖೆಯ ಲೆಕ್ಕದಲ್ಲಿ ಹೋಗುತ್ತದೆ, ತೋಟಿಗನ ಲೆಕ್ಕದಲ್ಲಿ ಅಲ್ಲ. ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲದಲ್ಲಿ ಶಿರಸಿಯ ಬೆಳೆಗಾರರು ಮಾಡಿದ ದೊಡ್ಡ ಕೆಲಸ ಎಂದರೆ ಈ ಲೆಕ್ಕವನ್ನೇ ಪ್ರಶ್ನಿಸಿದ್ದು. 1981ರಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಶಿರಸಿಗೆ ಕರೆಸಿ, ಯೋಜನೆಯ ಲಾಭನಷ್ಟವನ್ನು ಸಾಲು ಸಾಲಾಗಿ ಚರ್ಚಿಸಿದರು. ಮುಳುಗುವ ಕಾಡಿಗೆ, ತೋಟಕ್ಕೆ, ಮಣ್ಣಿಗೆ ಸರಿಯಾದ ಬೆಲೆ ಬರೆದರೆ ಯೋಜನೆಯ ಲಾಭ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ತಿಳಿಯುವ ಮಾತಾಯಿತು. ಎರಡು ವರ್ಷಗಳ ಬಳಿಕ, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯ ಚಿತ್ರ ಎಲ್ಲರ ಕಣ್ಣಲ್ಲೂ ಉಳಿದಿದೆ. ಅದಕ್ಕೂ ಮೊದಲಿನ ಆ ಲೆಕ್ಕದ ಸಭೆ ಅಷ್ಟಾಗಿ ನೆನಪಿನಲ್ಲಿಲ್ಲ, ಅದು ನನಗೆ ಬೇಸರದ ಸಂಗತಿ.

ಈಗ ಈ ಮಾತು ಎತ್ತಲು ಕಾರಣವಿದೆ. 2023ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಲಿಥಿಯಂ, ಕೋಬಾಲ್ಟ್‌ಗಳ ಜೊತೆಗೆ ರಂಜಕವೂ ಇದೆ, ಪೊಟ್ಯಾಷ್ ಕೂಡ ಇದೆ. ಆಮದು ತಗ್ಗಿಸಬೇಕೆಂಬ ಉದ್ದೇಶ ಒಳ್ಳೆಯದೇ. ಡಿಎಪಿಗಾಗಿ ರೈತರು ಸಾಲು ನಿಂತ ವರ್ಷಗಳನ್ನು ಯಾರೂ ಮರೆತಿಲ್ಲ. ಆದರೆ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಮಾಣು ಖನಿಜಗಳ, ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿತು. ಪರಿಸರ ಪರಿಣಾಮದ ವರದಿ ಆಗಲೇಬೇಕು, ಆದರೆ ಅದನ್ನು ಊರಿನವರ ಮುಂದಿಟ್ಟು ಅವರ ಮಾತು ಕೇಳುವ ಹೆಜ್ಜೆ ಬೇಕಾಗಿಲ್ಲ. ಎಪ್ಪಾವಲದ ತೀರ್ಪು ಯಾವ ಹೆಜ್ಜೆಯನ್ನು ಬಿಡಬೇಡಿ ಎಂದಿತೋ ಅದೇ ಹೆಜ್ಜೆ ಇದು. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಬಂದರು, ನದಿ ತಿರುವು ಎಂದು ಎಷ್ಟೋ ಸಭೆಗಳನ್ನು ಕಂಡ ಜಿಲ್ಲೆ ನಮ್ಮದು. ಸಭೆಗಳಲ್ಲಿ ಗದ್ದಲವಾಗುತ್ತದೆ, ಸಮಯ ಹೋಗುತ್ತದೆ, ನಿಜ. ಆದರೂ ತನ್ನ ಬಾವಿ ಎಲ್ಲಿದೆ, ಹಳ್ಳ ಎತ್ತ ಹರಿಯುತ್ತದೆ ಎಂಬುದನ್ನು ಅಧಿಕಾರಿಯ ಎದುರು ಹೇಳಿ ದಾಖಲು ಮಾಡಿಸಲು ಹಳ್ಳಿಯವನಿಗೆ ಇರುವ ಜಾಗ ಅದೊಂದೇ. ಅದನ್ನು ಕಳೆದುಕೊಳ್ಳುವ ರಾಜಸ್ಥಾನದ ಅಥವಾ ಮಧ್ಯಪ್ರದೇಶದ ಹಳ್ಳಿಯ ಪರವಾಗಿ ಮಾತಾಡುವುದು, ಅಲ್ಲಿಯ ಕಲ್ಲನ್ನು ಕೊಂಡು ತರುವ ನಮ್ಮ ಕರ್ತವ್ಯವೂ ಹೌದು.

ನಮ್ಮ ತುದಿಯಲ್ಲಿ

ಇಷ್ಟು ದೂರ ಬಂದ ಕಲ್ಲು ನಮ್ಮ ಮಣ್ಣಿನಲ್ಲಿ ಏನಾಗುತ್ತದೆ? ನಮ್ಮದು ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು. ಕಲ್ಲಿನ ಪುಡಿ ಕರಗಲು ಹುಳಿ ಬೇಕು, ಆದ್ದರಿಂದ ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಕೆಲಸ ಮಾಡದ ಶಿಲಾರಂಜಕ ಮಲೆನಾಡಿನಲ್ಲಿ ನಿಧಾನವಾಗಿ ಕರಗಿ ಬೇರಿಗೆ ಸಿಗುತ್ತದೆ. ತೋಟಗಳಿಗೆ ಇದು ಹೊಂದುವುದು ಅದಕ್ಕೇ. ಅದೇ ಮಣ್ಣಿಗೆ ಕೆಂಪು ಬಣ್ಣ ಕೊಟ್ಟ ಕಬ್ಬಿಣ, ಅದರ ಜೊತೆಗಿರುವ ಅಲ್ಯೂಮಿನಿಯಂ, ಕರಗಿದ ರಂಜಕವನ್ನು ಹಿಡಿದು ಕಟ್ಟಿಹಾಕುತ್ತವೆ. ಹಾಕಿದ ವರ್ಷ ಗಿಡಕ್ಕೆ ದಕ್ಕುವುದು ಸಣ್ಣ ಪಾಲು. ಉಳಿದದ್ದು ಮಣ್ಣಿನಲ್ಲಿ ಸೇರುತ್ತ ಹೋಗುತ್ತದೆ. ಹಲವು ದಶಕ ಪುಡಿ ಕಂಡ ಹಳೆಯ ತೋಟದ ಮಣ್ಣು ಒಂದು ಸಣ್ಣ ನಿಕ್ಷೇಪವೇ ಆಗಿರಬಹುದು.

ಶಿಫಾರಸಿನ ಲೆಕ್ಕ ಹಾಕೋಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎನ್ನುತ್ತಾರೆ. ನೂರರಲ್ಲಿ 20 ಪಾಲು ಸತ್ವವಿರುವ ಪುಡಿಯಾದರೆ 40 ಗ್ರಾಂಗೆ 200 ಗ್ರಾಂ ಪುಡಿ. ಎಕರೆಗೆ 550 ಮರವಿದ್ದರೆ 110 ಕಿಲೋ, ಎರಡು ಚೀಲಕ್ಕಿಂತ ತುಸು ಹೆಚ್ಚು. ಇದರ ಜೊತೆಗೇ ಮರಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿರು ಸೊಪ್ಪು ಎಂಬ ಶಿಫಾರಸೂ ಇದೆ. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ರಂಜಕ ನೂರಕ್ಕೆ 0.2ರಷ್ಟು. 12 ಕಿಲೋ ಗೊಬ್ಬರದಲ್ಲಿ 24 ಗ್ರಾಂ ಬರುತ್ತದೆ. ಚೀಲದ ಪುಡಿ ಕೊಡುವುದರ ಅರ್ಧಕ್ಕಿಂತ ಹೆಚ್ಚು ಕೊಟ್ಟಿಗೆಯಿಂದಲೇ ಬಂದಂತಾಯಿತು. ಕೊಟ್ಟಿಗೆ ಬರಿದಾದ ಮನೆಗಳಲ್ಲಿ ಈ ದಾರಿ ಮುಚ್ಚಿದೆ, ದನ ಸಾಕುವ ಕಷ್ಟ ನನಗೂ ಗೊತ್ತು.

ಸೊಪ್ಪಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಬೆಟ್ಟದಿಂದ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವುದೆಂದರೆ ಬೆಟ್ಟದ ರಂಜಕವನ್ನು ತೋಟಕ್ಕೆ ತರುವುದು. ಮರದ ಬೇರು ಆಳದ ಕಲ್ಲಿನಿಂದ ಎಳೆದುಕೊಂಡದ್ದು ಎಲೆಯಾಗಿ ನಮ್ಮ ಬುಟ್ಟಿಗೆ ಬರುತ್ತದೆ. ಮರಕ್ಕೆ ಬಿಡುವು ಕೊಟ್ಟು, ಸರದಿಯಲ್ಲಿ ಸೊಪ್ಪು ಕಡಿದು, ಸ್ವಲ್ಪ ದರಕನ್ನು ನೆಲಕ್ಕೇ ಬಿಟ್ಟ ಬೆಟ್ಟ ಇಂದಿಗೂ ಹಸಿರಾಗಿದೆ. ಬಿಡುವೇ ಕೊಡದೆ ತುದಿಯವರೆಗೆ ಕಡಿದ ಬೆಟ್ಟ ಬೋಳಾಗಿ, ಮಳೆಗೆ ಕೊರಕಲು ಬಿದ್ದು, ಹೊರನೋಟಕ್ಕೂ ಗಣಿಯಂತೆಯೇ ಕಾಣುತ್ತದೆ. ವೇಗದ ಪ್ರಶ್ನೆ ಎಪ್ಪಾವಲದ್ದು ಮಾತ್ರವಲ್ಲ.

ರಂಜಕ ನೀರಿನಲ್ಲಿ ಕರಗಿ ಹೋಗುವುದಕ್ಕಿಂತ ಮಣ್ಣಿನ ಕಣಕ್ಕೆ ಅಂಟಿ ಹೋಗುವುದೇ ಹೆಚ್ಚು. ಆಷಾಢದಲ್ಲಿ ಹಳ್ಳ ಕೆಂಪಾಗಿ ಹರಿಯುವಾಗ ನಾವು ಕೊಂಡು ತಂದ ಕಲ್ಲೂ ಅದರೊಂದಿಗೆ ಹರಿಯುತ್ತಿರುತ್ತದೆ. ಶಿರಸಿ, ಸಿದ್ದಾಪುರದ ಹಳ್ಳಗಳ ನೀರು ಅಘನಾಶಿನಿಯಾಗಿ ಕುಮಟಾದ ಅಳಿವೆ ಸೇರುತ್ತದೆ. 2024ರಲ್ಲಿ ರಾಮ್‌ಸಾರ್ ತಾಣವೆಂದು ಘೋಷಿತವಾದ ಅಳಿವೆ ಅದು. ಅಲ್ಲಿಯ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ಉಪ್ಪುನೀರು ತಾಳುವ ಕಗ್ಗ ಭತ್ತ ಚೀಲದ ಗೊಬ್ಬರವಿಲ್ಲದೆ ಬೆಳೆಯುತ್ತದೆ. ಹೊಳೆ ತಂದ ಮೆಕ್ಕಲು, ಭರತದ ನೀರು ಇಷ್ಟೇ ಅದಕ್ಕೆ ಆಹಾರ. ಬಳಚು (ಚಿಪ್ಪುಮೀನು) ಹೆಕ್ಕಿ ಬದುಕುವ ಕುಟುಂಬಗಳಿಗೂ ಅದೇ ಆಧಾರ. ಸಹಜವಾಗಿ ಬರುವ ಮೆಕ್ಕಲು ವರ. ತೋಟಗಳಿಂದ ಗೊಬ್ಬರ ಮಿತಿ ಮೀರಿ ತೊಳೆದುಬಂದರೆ ಪಾಚಿ ಹೆಚ್ಚಿ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಇಂಗುತ್ತದೆ. ತೋಟದ ಕಾಲುವೆಯ ಬದಿಯಲ್ಲಿ ಹುಲ್ಲು ಉಳಿಸುವುದು, ಬುಡಕ್ಕೆ ಮುಚ್ಚಿಗೆ ಹಾಕುವುದು, ಬಿರುಮಳೆಯ ಮುನ್ನಾದಿನ ಪುಡಿ ಹಾಕದಿರುವುದು, ಇವು ಅಳಿವೆಯವರಿಗೆ ನಾವು ತೋರಿಸಬಹುದಾದ ನೆರೆಹೊರೆಯ ಸಣ್ಣ ಮರ್ಯಾದೆಗಳು.

ಎಲ್ಲಕ್ಕಿಂತ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ಶಿರಸಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಮಾದರಿ ಕೊಡುವಾಗ ನಮ್ಮದು ಹುಳಿ ಮಣ್ಣು, ರಂಜಕವನ್ನು ಬ್ರೇ ವಿಧಾನದಲ್ಲಿ ಅಳೆಯಿರಿ ಎಂದು ಕೇಳಬೇಕು. ಬಯಲಿನ ಮಣ್ಣಿಗೆ ಹೊಂದುವ ಓಲ್ಸೆನ್ ವಿಧಾನ ನಮಗೆ ಅಷ್ಟು ಹೊಂದುವುದಿಲ್ಲ. ನಮ್ಮ ಕೆಳಗಿನ ತೋಟದ ಮಾದರಿಯನ್ನು ಹೀಗೆ ಕೊಟ್ಟಾಗ ರಂಜಕ ‘ಅಧಿಕ’ ಎಂದು ಬಂತು. ಅಪ್ಪನ ಕಾಲದಿಂದ ಪ್ರತಿ ವರ್ಷ ತಪ್ಪದೆ ಹಾಕಿದ್ದೆಲ್ಲ ಅಲ್ಲಿಯೇ ಕೂತಿದೆ. ಮೇಲಿನ ತೋಟದಲ್ಲಿ ಮಾತ್ರ ಕಡಿಮೆ ಇದೆ, ಅಲ್ಲಿಗೆ ಹಾಕಬೇಕು. ಕೆಳಗಿನ ತೋಟಕ್ಕೆ ಗೊಬ್ಬರ, ಸೊಪ್ಪು, ಸ್ವಲ್ಪ ಸುಣ್ಣ ಸಾಕೆಂದು ತೀರ್ಮಾನಿಸಿದೆವು. ಈ ಮಳೆಗಾಲ ಆ ತೋಟಕ್ಕೆ ಮಸ್ಸೂರಿ ತರಲಿಲ್ಲ. ಮೂರು ವರ್ಷ ಬಿಟ್ಟು ಮತ್ತೆ ಮಣ್ಣು ತೆಗೆದು ಕೊಡಬೇಕು.